ಸಿಡಿಸಿ ಹೇಮೇಕರ್: ಜನವರಿಯ ಹಿಮದಲ್ಲಿ ಹಸುವಿನ ಹೊಟ್ಟೆ ತುಂಬಿಸುವ ಓಟ್ಸ್

ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಓಟ್ಸ್ ಬೆಳೆಯುವವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಕಾಳು ಬೇಕು. ದಪ್ಪ ಕಾಳು, ತೆಳು ಹೊಟ್ಟು, ಎಕರೆಗೆ ಹೆಚ್ಚು ಬುಶೆಲ್ (ಕಾಳಿನ ಅಳತೆ). ಬೆಳೆದದ್ದು ಗಿರಣಿಗೆ ಹೋಗಿ ಜನರ ಬೆಳಗಿನ ಗಂಜಿಯಾಗುತ್ತದೆ. ಇನ್ನೊಂದು ಪಂಗಡ ಕಾಳಿನ ಲೆಕ್ಕ ಹಾಕುವುದೇ ಇಲ್ಲ. ಎಲೆ, ದಂಟು, ಅರೆಬಲಿತ ತೆನೆ ಎಲ್ಲವೂ ಸೇರಿದ ಇಡೀ ಗಿಡವನ್ನು ಹಸಿರಿರುವಾಗಲೇ ಕತ್ತರಿಸಿ, ಒಣಗಿಸಿ, ಚಳಿಗಾಲಕ್ಕೆ ದನಗಳಿಗೆ ಹಾಕುತ್ತದೆ. ಹಂಬೋಲ್ಟ್ ಊರಿನ ಆಚೆ ನಾನು ಕೆಲಸ ಮಾಡುವ ಫಾರ್ಮ್ ಈ ಎರಡನೆಯ ಪಂಗಡಕ್ಕೆ ಸೇರಿದ್ದು. ಇನ್ನೂರರಷ್ಟು ಕಪ್ಪು ಆಂಗಸ್ ಮಿಶ್ರತಳಿಯ ತಾಯಿ ಹಸುಗಳಿವೆ; ಮೇವು ಮತ್ತು ಕರು ಹಾಕಿಸುವ ಕೆಲಸ ನನ್ನ ಜವಾಬ್ದಾರಿ. ಕೆಲವು ವರ್ಷಗಳಿಂದ ಇಲ್ಲಿ ಬಿತ್ತುತ್ತಿರುವುದು ಸಿಡಿಸಿ ಹೇಮೇಕರ್ ಎಂಬ ಮೇವಿನ ಓಟ್ಸ್ ತಳಿ. ಪ್ರೇರಿ ಎಂಬ ಪಶ್ಚಿಮ ಕೆನಡಾದ ಈ ಬಯಲುಸೀಮೆಯ ಕಡೆ ದನ ಸಾಕುತ್ತಿರುವ, ಇಲ್ಲವೇ ಫಾರ್ಮ್‌ಗಳಲ್ಲಿ ಕೆಲಸಕ್ಕೆ ಸೇರುತ್ತಿರುವ ಕನ್ನಡಿಗರು ಈ ಬಗ್ಗೆ ಆಗಾಗ ಕೇಳುತ್ತಾರೆ. ಒಮ್ಮೆ ವಿವರವಾಗಿಯೇ ಬರೆದುಬಿಡುತ್ತೇನೆ.

ಮೊದಲಿಗೆ ನನ್ನ ತೀರ್ಪು: ಇದು ಒಳ್ಳೆಯ ತಳಿ. ಆದರೆ ಚೀಲದ ಮೇಲಿನ ಹೆಸರು ನೋಡಿ ಅರ್ಧ ಕೆಲಸ ಮುಗಿಯಿತೆಂದು ಭಾವಿಸುವವರಿಗೆ ಇದು ಒಗ್ಗುವುದಿಲ್ಲ. ಯಾವಾಗ ಬಿತ್ತಿದಿರಿ, ಯಾವ ಹದದಲ್ಲಿ ಕತ್ತರಿಸಿದಿರಿ, ಹಸುವಿನ ಮುಂದೆ ಹಾಕುವ ಮೊದಲು ಪರೀಕ್ಷೆ ಮಾಡಿಸಿದಿರಾ ಎಂಬ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರವಿದ್ದವರಿಗೆ ಮಾತ್ರ ಹೇಮೇಕರ್ ತನ್ನ ಬೆಲೆಯನ್ನು ತೀರಿಸುತ್ತದೆ.

ಸಿಡಿಸಿ ಎಂದರೆ ಸಸ್ಕಟೂನ್‌ನಲ್ಲಿರುವ ಸಸ್ಕಾಚೆವನ್ ವಿಶ್ವವಿದ್ಯಾಲಯದ ಬೆಳೆ ಅಭಿವೃದ್ಧಿ ಕೇಂದ್ರ (ಕ್ರಾಪ್ ಡೆವಲಪ್‌ಮೆಂಟ್ ಸೆಂಟರ್). 1971ರಲ್ಲಿ ಆರಂಭವಾದ ಈ ಕೇಂದ್ರ ಬಿಡುಗಡೆ ಮಾಡುವ ತಳಿಗಳ ಹೆಸರಿನ ಮುಂದೆ ಆ ಮೂರಕ್ಷರ ಬರುತ್ತದೆ. ಅಲ್ಲಿನ ಬಾರ್ಲಿ ಮತ್ತು ಓಟ್ಸ್ ತಳಿ ಅಭಿವೃದ್ಧಿಯನ್ನು ಬ್ರಯನ್ ರಾಸ್‌ನಾಗೆಲ್ ದಶಕಗಳ ಕಾಲ ನಡೆಸಿದರು. ಅವರ ನಂತರ ಆ ಕೆಲಸ ಆರನ್ ಬೀಟಿ ಅವರ ಕೈಗೆ ಬಂತು. ಮೇವಿಗೆಂದೇ ಅಲ್ಲಿಂದ ಇದಕ್ಕೂ ಮುಂಚೆ ಬಂದು ಹೆಸರು ಮಾಡಿದ ತಳಿ ಸಿಡಿಸಿ ಬೇಲರ್. ಹೇಮೇಕರ್ ಅದರ ನಂತರದ ತಲೆಮಾರು. ಬೀಜವನ್ನು ಸೀಕ್ಯಾನ್ ಎಂಬ ಬೀಜ ಬೆಳೆಗಾರರ ಸಂಘದ ಸದಸ್ಯರು ಮಾರುತ್ತಾರೆ.

ಮೇವಿನ ಓಟ್ಸ್ ಎಂದು ಬೇರೆ ಮಾಡುವ ಅಗತ್ಯವೇನು, ಎಲ್ಲ ಓಟ್ಸನ್ನೂ ದನ ತಿನ್ನುತ್ತದಲ್ಲ ಎಂದು ಕೇಳುವವರಿದ್ದಾರೆ. ತಿನ್ನುತ್ತದೆ, ನಿಜ. ಆಲ್ಬರ್ಟಾದ ಲಕೂಂಬ್ ಸಂಶೋಧನಾ ಕೇಂದ್ರದಿಂದ ಬಂದ ಎಸಿ ಮೋರ್ಗನ್ ಎಂಬ ಕಾಳಿನ ತಳಿಯನ್ನು ಎಷ್ಟೋ ಜನ ಮೇವಿಗೂ ಕತ್ತರಿಸುತ್ತಾರೆ, ನಷ್ಟವೇನೂ ಆಗಿಲ್ಲ. ವ್ಯತ್ಯಾಸ ಗೊತ್ತಾಗಬೇಕಾದರೆ ಜುಲೈ ಕೊನೆಯಲ್ಲಿ ಎರಡೂ ಹೊಲಗಳ ಒಳಗೆ ಇಳಿದು ನಡೆಯಬೇಕು. ಕಾಳಿನ ತಳಿ ಅಷ್ಟು ಹೊತ್ತಿಗೆ ತನ್ನ ಶಕ್ತಿಯನ್ನು ತೆನೆಗೆ ಕಳುಹಿಸತೊಡಗಿರುತ್ತದೆ. ಬುಡದ ಎಲೆಗಳು ಹಳದಿಗೆ ತಿರುಗಿ ಸುರುಟಿರುತ್ತವೆ, ಸಾಲುಗಳ ನಡುವೆ ನೆಲ ಕಾಣುತ್ತದೆ. ಹೇಮೇಕರ್ ಹೊಲದಲ್ಲಿ ನೆಲ ಕಾಣುವುದಿಲ್ಲ. ಎಲೆ ಅಗಲ, ನೀಲಿ ಬೆರೆತ ಹಸಿರು, ಸೊಂಟದ ಮಟ್ಟದಲ್ಲಿ ಬಾಗಿ ಪಕ್ಕದ ಸಾಲಿನ ಎಲೆಯ ಮೇಲೆ ಒರಗಿರುತ್ತದೆ. ಬೆಳಗಿನ ಹೊತ್ತು ಒಳಗೆ ಹೋದರೆ ಪ್ಯಾಂಟು ತೊಡೆಯವರೆಗೆ ನೆನೆಯುತ್ತದೆ. ಹಸುವಿನ ಮಟ್ಟಿಗೆ ಈ ಎಲೆಯೇ ಮುಖ್ಯ. ಪ್ರೋಟೀನು ದಂಟಿಗಿಂತ ಎಲೆಯಲ್ಲಿ ಹೆಚ್ಚು, ಜೀರ್ಣವೂ ಬೇಗ.

ಹೇಮೇಕರ್ ತಡವಾಗಿ ಬಲಿಯುವ ತಳಿ. ಕಾಳು ಬೆಳೆಯುವವರಿಗೆ ಇದು ದೋಷ. ಸೆಪ್ಟೆಂಬರ್‌ನಲ್ಲಿ ಹೆಪ್ಪುಗಟ್ಟುವ ಇಬ್ಬನಿ ಬಿದ್ದರೆ ಕಾಳು ಹಾಳು. ಮೇವು ಬೆಳೆಯುವ ನಮಗೆ ಇದೇ ಗುಣ. ಬೇಗ ಬಲಿಯುವ ತಳಿ ಹಾಲುಗಾಳಿನಿಂದ ಗಟ್ಟಿಗಾಳಿಗೆ ಓಡಿಬಿಡುತ್ತದೆ. ನಡುವೆ ಒಂದು ವಾರ ಮಳೆ ಹಿಡಿದರೆ, ಅಥವಾ ಕತ್ತರಿಸುವ ಯಂತ್ರ ಕೆಟ್ಟು ಬಿಡಿಭಾಗಕ್ಕೆ ಕಾದರೆ ಮುಗಿಯಿತು, ಮನೆಗೆ ಬರುವುದು ಒಣಹುಲ್ಲು ಮಾತ್ರ. ಹೇಮೇಕರ್ ನಿಧಾನ. ಹದ ಬಂದ ಮೇಲೂ ಕೆಲವು ದಿನ ಹದದಲ್ಲೇ ನಿಲ್ಲುತ್ತದೆ. ಆಲ್ಫಾಲ್ಫಾದ (ಲೂಸರ್ನ್ ಎಂಬ ಮೇವಿನ ಬೆಳೆ) ಎರಡನೆಯ ಕೊಯ್ಲು, ಬೇಲಿ ರಿಪೇರಿ, ಕರುಗಳಿಗೆ ಲಸಿಕೆ ಎಲ್ಲವೂ ಆಗಸ್ಟ್‌ನಲ್ಲೇ ಮೈಮೇಲೆ ಬೀಳುವ ಫಾರ್ಮ್‌ನಲ್ಲಿ ಈ ಕೆಲವು ದಿನಗಳಿಗೆ ಬೆಲೆ ಕಟ್ಟಲಾಗದು.

ಹದ ನೋಡುವುದನ್ನು ಇಲ್ಲಿಗೆ ಬಂದ ಹೊಸಬರಿಗೆ ನಾನು ಹೊಲದಲ್ಲೇ ನಿಲ್ಲಿಸಿ ಕಲಿಸುತ್ತೇನೆ. ಓಟ್ಸ್ ತೆನೆ ತುದಿಯಿಂದ ಬುಡಕ್ಕೆ ಬಲಿಯುತ್ತದೆ. ಹಾಗಾಗಿ ತುದಿಯ ಕಾಳನ್ನಷ್ಟೇ ನೋಡಿದರೆ ಮೋಸಹೋಗುತ್ತೀರಿ. ನಡುವಿನ ಕಾಳನ್ನು ಕಿತ್ತು, ಸಿಪ್ಪೆ ಬಿಡಿಸಿ, ಹೆಬ್ಬೆರಳಿನ ಉಗುರಿನಿಂದ ಒತ್ತಬೇಕು. ತಿಳಿನೀರು ಚಿಮ್ಮಿದರೆ ಇನ್ನೂ ಬೇಗ. ಬಿಳಿ ಹಾಲು ಬಂದು ಬೆರಳಿಗೆ ಅಂಟಿದರೆ ಹಾಲುಗಾಳು. ಹಾಲು ಗಟ್ಟಿಯಾಗಿ, ಒತ್ತಿದರೆ ನಾದಿದ ಹಿಟ್ಟಿನಂತೆ ಚಪ್ಪಟೆಯಾಗಿ ಉಗುರಿನ ಗುರುತು ಉಳಿದರೆ ಅದು ಮೆದು ಹಿಟ್ಟಿನ ಹಂತ. ಹಾಲುಗಾಳಿನ ಕೊನೆ ಮತ್ತು ಮೆದು ಹಿಟ್ಟಿನ ಮೊದಲ ದಿನಗಳ ನಡುವೆ ಕತ್ತರಿಸಬೇಕು. ಅದಕ್ಕೂ ಮೊದಲು ಕತ್ತರಿಸಿದರೆ ಪ್ರೋಟೀನು ಹೆಚ್ಚು, ಆದರೆ ಎಕರೆಗೆ ಬರುವ ಮೇವು ಕಡಿಮೆ ಮತ್ತು ಒಣಗಲು ವಿಪರೀತ ಸಮಯ ಹಿಡಿಯುತ್ತದೆ. ತಡ ಮಾಡಿದರೆ ತೂಕ ಬರುತ್ತದೆ. ದಂಟು ಗಟ್ಟಿಯಾಗಿ ಹಸು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಹೇಮೇಕರ್ ಎತ್ತರದ ತಳಿ, ದಂಟೂ ದಪ್ಪ; ತಡ ಮಾಡಿದ ತಪ್ಪು ಇದರಲ್ಲಿ ಬೇಗ ಎದ್ದು ಕಾಣುತ್ತದೆ. ದಂಟನ್ನು ಜಜ್ಜಿ ಹಾಕುವ ಉರುಳೆಗಳಿರುವ ಕೊಯ್ಲು ಯಂತ್ರವೇ ಇದಕ್ಕೆ ಸರಿ. ಇಲ್ಲದಿದ್ದರೆ ಎಲೆ ಪುಡಿಯಾಗುವಷ್ಟು ಒಣಗಿದ್ದರೂ ದಂಟಿನ ಗೆಣ್ಣಿನಲ್ಲಿ ನೀರು ಉಳಿದು, ಬೇಲ್ (ಒತ್ತಿ ಸುತ್ತಿದ ಮೇವಿನ ದೊಡ್ಡ ಸುರುಳಿ) ಕಟ್ಟಿದ ಮೇಲೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ತೇವಾಂಶ ಶೇ. 16ರ ಆಸುಪಾಸಿಗೆ ಇಳಿಯುವವರೆಗೆ ನಾವು ಬೇಲರ್ ಯಂತ್ರವನ್ನು ಹೊಲಕ್ಕೆ ಇಳಿಸುವುದಿಲ್ಲ.

ಮೇವಿನ ನಿಜವಾದ ಪರೀಕ್ಷೆ ನಡೆಯುವುದು ಹೊರಗೆ ಮೈನಸ್ 30 ಡಿಗ್ರಿ ಇರುವಾಗ. ದುಂಡು ಬೇಲಿನ ಬಲೆ ಕತ್ತರಿಸಿ ಬಿಚ್ಚಿದರೆ ಹೊರಗಿನ ಒಂದು ಗೇಣು ಮಾಸಲು ಬೂದು. ಅದರೊಳಗೆ ಇನ್ನೂ ಹಸಿರು. ಆ ಚಳಿಯಲ್ಲಿ ಮೂಗಿಗೆ ಯಾವ ವಾಸನೆಯೂ ಬರುವುದಿಲ್ಲ. ಕೈಗವಸಿನಲ್ಲಿ ಹಿಡಿದು ಉಸಿರು ಬಿಟ್ಟು ಬೆಚ್ಚಗಾಗಿಸಿದರೆ ಮಾತ್ರ ಸಿಹಿಯಾದ ಪರಿಮಳ. ಹಸುಗಳಿಗೆ ಅದರ ಅಗತ್ಯವಿಲ್ಲ, ಟ್ರ್ಯಾಕ್ಟರ್ ಸದ್ದಿಗೇ ಓಡಿಬರುತ್ತವೆ. ಬಾರ್ಲಿ ಮೇವನ್ನೂ ಇಲ್ಲಿ ಹಾಕುತ್ತೇವೆ, ಶಕ್ತಿಯ ಲೆಕ್ಕದಲ್ಲಿ ಬಾರ್ಲಿ ಒಂದು ಕೈ ಮೇಲೆ. ಆದರೆ ಮುಳ್ಳುಮೀಸೆಯ ಬಾರ್ಲಿ ತಡವಾಗಿ ಕತ್ತರಿಸಿದರೆ ಹಸುವಿನ ನಾಲಿಗೆಯ ಅಡಿ, ಒಸಡಿನ ಸಂದಿಯಲ್ಲಿ ಮೀಸೆ ಚುಚ್ಚಿ ಹುಣ್ಣಾಗುತ್ತದೆ. ನಯವಾದ ಮೀಸೆಯ ಸಿಡಿಸಿ ಮ್ಯಾವೆರಿಕ್ ಎಂಬ ಬಾರ್ಲಿ ತಳಿ ಬಂದದ್ದು ಈ ತೊಂದರೆಗೆ ಉತ್ತರವಾಗಿಯೇ. ಓಟ್ಸ್‌ನಲ್ಲಿ ಆ ಚಿಂತೆಯೇ ಇಲ್ಲ.

ರುಚಿಯಾಗಿದ್ದ ಮಾತ್ರಕ್ಕೆ ಸಾಲದು, ಗಬ್ಬದ ಹಸುವಿಗೆ ಅದು ಸಾಕಾಗಬೇಕು. ಪ್ರೇರಿಯ ಪಶು ಆಹಾರ ತಜ್ಞರು ಹೇಳಿಕೊಡುವ ಒಂದು ಸುಲಭ ಸೂತ್ರವಿದೆ. ಒಟ್ಟು ಜೀರ್ಣಯೋಗ್ಯ ಪೋಷಕಾಂಶ ಗಬ್ಬದ ನಡುಭಾಗದಲ್ಲಿ ಶೇ. 55, ಕೊನೆಯ ತಿಂಗಳುಗಳಲ್ಲಿ 60, ಕರು ಹಾಕಿದ ಮೇಲೆ 65; ಪ್ರೋಟೀನು ಅದೇ ಕ್ರಮದಲ್ಲಿ 7, 9, 11. ಹದದಲ್ಲಿ ಕತ್ತರಿಸಿದ ನಮ್ಮ ಹೇಮೇಕರ್ ಮೊದಲ ಎರಡು ಹಂತಗಳನ್ನು ತಾನೊಂದೇ ದಾಟಿಸುತ್ತದೆ. ಎರಡನೆಯ ಹಂತದ ಕೊನೆಗೆ ಬರುವಾಗ ಅಂಚಿನಲ್ಲಿ ನಿಲ್ಲುತ್ತದೆ. ಕರು ಹಾಕಿದ ಮೇಲೆ ಇದೊಂದನ್ನೇ ನಂಬಬಾರದು. ಆಗ ಆಲ್ಫಾಲ್ಫಾ ಬೆರೆಸಿದ ಹುಲ್ಲು, ಸ್ವಲ್ಪ ಬಾರ್ಲಿ ಕಾಳು ಸೇರಿಸುತ್ತೇವೆ. ಮೊದಲ ಕರುವಿನ ಪಡ್ಡೆಗಳಿಗೆ ಇನ್ನೂ ಮುಂಚೆಯೇ ಕೊಡಬೇಕು. ಅವು ತಾವೂ ಬೆಳೆಯುತ್ತಿರುತ್ತವೆ, ಹೊಟ್ಟೆಯ ಕರುವನ್ನೂ ಬೆಳೆಸುತ್ತಿರುತ್ತವೆ.

ಈಗ ನನಗೆ ಈ ತಳಿಯಲ್ಲಿ ಅತ್ಯಂತ ಇಷ್ಟವಾದ ಉಪಯೋಗದ ಬಗ್ಗೆ. ಎಲ್ಲವನ್ನೂ ಬೇಲ್ ಕಟ್ಟಬೇಕಾಗಿಲ್ಲ. ಜೂನ್ ಮೊದಲ ಭಾಗದಲ್ಲಿ ಬಿತ್ತಿ, ಸೆಪ್ಟೆಂಬರ್‌ನಲ್ಲಿ ಕತ್ತರಿಸಿ, ಸಾಲುಸಾಲಾಗಿ ಹೊಲದಲ್ಲೇ ಬಿಟ್ಟು, ಹಿಮ ಬಿದ್ದ ಮೇಲೆ ಹಸುಗಳನ್ನು ಅಲ್ಲಿಗೇ ಬಿಡುವ ಪದ್ಧತಿ ಇಲ್ಲಿದೆ. ಲಕೂಂಬ್ ಕೇಂದ್ರದಲ್ಲೂ, ನಮಗೆ ಹತ್ತಿರದ ಲಾನಿಗನ್‌ನ ಟರ್ಮುಂಡೆ ಸಂಶೋಧನಾ ಫಾರ್ಮ್‌ನಲ್ಲೂ ಇದರ ಮೇಲೆ ಬಹಳ ಕೆಲಸ ನಡೆದಿದೆ. ಬೇಲ್ ಕಟ್ಟುವ, ಸಾಗಿಸುವ, ದಿನವೂ ಟ್ರ್ಯಾಕ್ಟರ್ ಹೊರಡಿಸುವ ಖರ್ಚು ಉಳಿಯುತ್ತದೆ. ಸಗಣಿ ಹೊಲದಲ್ಲೇ ಬೀಳುತ್ತದೆ, ಕೊಟ್ಟಿಗೆಯಿಂದ ಎತ್ತಿ ಹಾಕುವ ಕೆಲಸವೂ ಇಲ್ಲ.

ಹಸು ಹಿಮದಡಿಯ ಸಾಲನ್ನು ಹುಡುಕುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಮೂತಿಯನ್ನು ಹಿಮದೊಳಗೆ ಇಳಿಸಿ ಅಡ್ಡಡ್ಡ ತಳ್ಳುತ್ತದೆ. ಹುಬ್ಬಿನವರೆಗೆ ಬಿಳಿಯಾಗುತ್ತದೆ, ಉಸಿರಿನ ಹಬೆ ಗಡ್ಡದ ಕೂದಲಿನಲ್ಲಿ ಹರಳುಗಟ್ಟುತ್ತದೆ. ಸಾಲು ಸಿಕ್ಕ ಕೂಡಲೇ ಮೊದಲು ತೆನೆ, ಆಮೇಲೆ ಎಲೆ, ಕೊನೆಗೆ ದಂಟು. ಬಿಟ್ಟರೆ ಇಡೀ ಹೊಲದ ತೆನೆಗಳನ್ನು ಒಂದೇ ವಾರದಲ್ಲಿ ಆರಿಸಿ ತಿಂದು, ಉಳಿದ ತಿಂಗಳು ಬರಿಯ ದಂಟು ನೋಡುತ್ತ ನಿಲ್ಲುತ್ತವೆ. ಅದಕ್ಕಾಗಿ ವಿದ್ಯುತ್ ಬೇಲಿಯಿಂದ ಎರಡು–ಮೂರು ದಿನಕ್ಕಾಗುವಷ್ಟು ಸಾಲುಗಳನ್ನು ಮಾತ್ರ ತೆರೆಯುತ್ತೇವೆ. ಮುಂದಿನ ಪಟ್ಟಿ ತೆರೆಯುವ ಮುನ್ನ ನಾನು ಹಳೆಯ ಪಟ್ಟಿಯಲ್ಲಿ ನಡೆದು ಏನು ಉಳಿದಿದೆ ಎಂದು ಕಾಲಿನಿಂದ ಕೆದಕಿ ನೋಡುತ್ತೇನೆ. ಹೇಮೇಕರ್‌ನಲ್ಲಿ ಉಳಿಯುವುದು ಬುಡದ ತುಂಡುಗಳು, ಅಷ್ಟೇ. ಸಾಲು ದಪ್ಪಗಿರುವುದರಿಂದ ಹಿಮದ ಭಾರಕ್ಕೆ ನೆಲಕ್ಕಂಟುವುದಿಲ್ಲ. ಗಾಳಿ ಹಿಮವನ್ನು ಒಂದೆಡೆ ಗುಡ್ಡೆ ಹಾಕಿದರೂ ಹಸುಗಳಿಗೆ ಸಾಲಿನ ಬೆನ್ನು ಸಿಗುತ್ತದೆ. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಮೇಲೆ ಗಾಜಿನಂತಹ ಪದರ ಕಟ್ಟಿದರೆ ಮಾತ್ರ ಯಾವ ತಳಿಯೂ ಉಳಿಸುವುದಿಲ್ಲ. ಅಂತಹ ದಿನಗಳಿಗೆ ಬೇಲುಗಳು ಅಂಗಳದಲ್ಲಿ ಇರಲೇಬೇಕು.

ಇನ್ನು ಈ ಬರಹದಲ್ಲಿ ಯಾರೂ ದಾಟಿಹೋಗಬಾರದ ಭಾಗ: ನೈಟ್ರೇಟ್. ಇದು ಹೇಮೇಕರ್‌ನ ದೋಷವಲ್ಲ. ಓಟ್ಸ್ ಜಾತಿಯೇ ನೈಟ್ರೇಟ್ ಕೂಡಿಟ್ಟುಕೊಳ್ಳುವ ಜಾತಿ. ಬೇರು ಮಣ್ಣಿನಿಂದ ನೈಟ್ರೇಟ್ ಎಳೆಯುತ್ತದೆ, ಎಲೆ ಬಿಸಿಲಿನ ಬಲದಿಂದ ಅದನ್ನು ಪ್ರೋಟೀನು ಮಾಡುತ್ತದೆ. ಆಲಿಕಲ್ಲು ಎಲೆಯನ್ನು ಚಿಂದಿ ಮಾಡಿದಾಗ, ಹೆಪ್ಪುಗಟ್ಟುವ ಇಬ್ಬನಿ ಎಲೆಯನ್ನು ಸುಟ್ಟಾಗ, ಬರದಲ್ಲಿ ಗಿಡ ನಿಂತುಹೋಗಿ ಒಮ್ಮೆಲೇ ಮಳೆ ಬಂದಾಗ ಬೇರಿನ ಕೆಲಸ ಮುಂದುವರಿಯುತ್ತದೆ, ಎಲೆಯ ಕೆಲಸ ನಿಲ್ಲುತ್ತದೆ. ಆಗ ನೈಟ್ರೇಟ್ ದಂಟಿನ ಕೆಳಭಾಗದಲ್ಲಿ ಶೇಖರವಾಗುತ್ತದೆ. ಹಸು ಅದನ್ನು ತಿಂದರೆ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ರಕ್ತಕ್ಕೆ ಸೇರಿ, ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಏದುಸಿರು, ನೀಲಿಗಟ್ಟಿದ ಒಸಡು, ಚಾಕೊಲೇಟ್ ಬಣ್ಣಕ್ಕೆ ತಿರುಗಿದ ರಕ್ತ. ಬದುಕಿ ಉಳಿದ ಹಸುವೂ ಕರು ಕಳೆದುಕೊಳ್ಳಬಹುದು.

ಕರ್ನಾಟಕದಲ್ಲಿ ದನ ಕಟ್ಟಿದವರಿಗೆ ಮಳೆ ಕೈಕೊಟ್ಟಾಗಿನ ಎಳೆ ಜೋಳದ ವಿಷ ಗೊತ್ತಿದೆ. ಅರಸೀಕೆರೆ ಕಡೆಯ ನಮ್ಮ ಮನೆಯಲ್ಲೂ ಮೊಣಕಾಲೆತ್ತರದ ಜೋಳಕ್ಕೆ ದನ ನುಗ್ಗದಂತೆ ಕಾವಲು ಕಾಯುತ್ತಿದ್ದರು. ಆ ಅನುಭವದಿಂದ ಬಂದವರು ಇಲ್ಲಿ ಒಂದು ಅಪಾಯಕಾರಿ ತಪ್ಪು ತಿಳಿಯುವ ಸಂಭವವಿದೆ. ಜೋಳದ ಸಯನೈಡ್ ವಿಷ ಚೆನ್ನಾಗಿ ಒಣಗಿಸಿದರೆ ಬಹುಪಾಲು ಹೋಗುತ್ತದೆ. ನೈಟ್ರೇಟ್ ಒಣಗಿಸಿದರೆ ಹೋಗುವುದಿಲ್ಲ. ಆಗಸ್ಟ್‌ನಲ್ಲಿ ಬೇಲಿನೊಳಗೆ ಇದ್ದದ್ದು ಫೆಬ್ರವರಿಯಲ್ಲೂ ಅಷ್ಟೇ ಇರುತ್ತದೆ. ಸೈಲೇಜ್ (ಹುದುಗಿಸಿದ ರಸಮೇವು) ಮಾಡಿದರೆ ಒಂದಷ್ಟು ಇಳಿಯುತ್ತದೆ, ಪೂರ್ತಿ ಅಲ್ಲ.

ಹಾಗಾಗಿ ಪರೀಕ್ಷೆ. ಡ್ರಿಲ್‌ಗೆ ಸಿಕ್ಕಿಸಿದ ಉದ್ದನೆಯ ಕೊಳವೆಯನ್ನು ಹಲವು ಬೇಲುಗಳ ಹೊಟ್ಟೆಗೆ ಇಳಿಸಿ, ಬಂದ ಚೂರುಗಳನ್ನು ಬೆರೆಸಿ ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ. ಒಣತೂಕದಲ್ಲಿ ನೈಟ್ರೇಟ್ ಶೇ. 0.5ರ ಒಳಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಅದಕ್ಕಿಂತ ಮೇಲೆ ಹೋದಂತೆ ಬೇರೆ ಹುಲ್ಲಿನ ಜೊತೆ ಬೆರೆಸಬೇಕು, ಹಸುಗಳನ್ನು ನಿಧಾನವಾಗಿ ಒಗ್ಗಿಸಬೇಕು, ಶೇ. 1 ದಾಟಿದರೆ ತಜ್ಞರ ಮಾತಿಲ್ಲದೆ ಮುಟ್ಟಬೇಡಿ. ವರದಿ ಓದುವಾಗ ಒಂದು ಎಚ್ಚರ: ಕೆಲವು ಪ್ರಯೋಗಾಲಯಗಳು ನೈಟ್ರೇಟ್ ಎಂದು ಬರೆಯುತ್ತವೆ, ಕೆಲವು ನೈಟ್ರೇಟ್ ಸಾರಜನಕ ಎಂದು. ಎರಡನೆಯದನ್ನು 4.4ರಿಂದ ಗುಣಿಸಿದರೆ ಮೊದಲನೆಯದು ಬರುತ್ತದೆ. ವರದಿಯಲ್ಲಿ 0.2 ಎಂದು ಕಂಡು ನಿರಾಳರಾದವರು ಅದು ಸಾರಜನಕದ ಲೆಕ್ಕವೆಂದು ಗಮನಿಸದಿದ್ದರೆ, ನಿಜವಾದ ಅಂಕಿ 0.9ರ ಹತ್ತಿರ ಇರುತ್ತದೆ.

ಇಬ್ಬನಿ ಹೆಪ್ಪುಗಟ್ಟಿದ ಮರುದಿನದ ಗೊಂದಲವೂ ಎಲ್ಲ ಕಡೆ ಇದ್ದದ್ದೇ. ನೈಟ್ರೇಟ್ ಏರುವುದಕ್ಕೆ ಮೂರು–ನಾಲ್ಕು ದಿನ ಬೇಕು. ಆದ್ದರಿಂದ ಹದ ಬಂದಿದ್ದರೆ ಕೂಡಲೇ ಕತ್ತರಿಸಿ. ಇಲ್ಲವಾದರೆ, ಗಿಡ ಪೂರ್ತಿ ಸತ್ತಿಲ್ಲದಿದ್ದರೆ, ಒಂದೆರಡು ವಾರ ಬಿಟ್ಟು ಅದು ಚೇತರಿಸಿಕೊಂಡ ಮೇಲೆ ಕತ್ತರಿಸಿ. ನಡುವಿನ ದಿನಗಳಲ್ಲಿ ಕತ್ತರಿಸುವುದೇ ಕೆಟ್ಟದ್ದು. ಕೂಳೆಯನ್ನು ಎತ್ತರಕ್ಕೆ ಬಿಡುವುದೂ ಒಳ್ಳೆಯ ಉಪಾಯ. ವಿಷ ಇರುವುದು ದಂಟಿನ ಬುಡದಲ್ಲಿ, ಹೇಮೇಕರ್‌ನಂತಹ ಎತ್ತರದ ತಳಿಯಲ್ಲಿ ಅಂಗೈ ಅಗಲ ಹೆಚ್ಚು ಬಿಟ್ಟರೂ ಇಳುವರಿಗೆ ಅಂತಹ ಪೆಟ್ಟಿಲ್ಲ. 2021ರ ಬರಗಾಲದಲ್ಲಿ ಪ್ರೇರಿಯ ಎಷ್ಟೋ ಕಡೆ ಕಾಳಿಗೆಂದು ಬಿತ್ತಿದ ಬೆಳೆಯನ್ನೂ ಮೇವಿಗೆ ಕತ್ತರಿಸಿದರು. ಅಂತಹ ವರ್ಷ ಪರೀಕ್ಷೆಯ ಶುಲ್ಕ ಉಳಿಸಲು ಹೋಗುವುದು ಹಸುವಿನ ಜೀವದ ಜೊತೆ ಆಡುವ ಜೂಜು. ಗೊಬ್ಬರ ಹಾಕುವಾಗಲೂ ಇದನ್ನು ನೆನಪಿಡಬೇಕು. ಕೊಟ್ಟಿಗೆ ಗೊಬ್ಬರ ದಂಡಿಯಾಗಿ ಬಿದ್ದ ಹೊಲಕ್ಕೆ ಮತ್ತೆ ಸಾರಜನಕ ಸುರಿದರೆ ಗಿಡ ಕಪ್ಪುಹಸಿರಾಗಿ ನೋಡಲು ಚಂದ. ಗಾಳಿ ಮಳೆಗೆ ನೆಲಕ್ಕೊರಗುತ್ತದೆ, ನೈಟ್ರೇಟೂ ಏರುತ್ತದೆ.

ಖನಿಜದ ಮಾತು ಚಿಕ್ಕದು, ಆದರೆ ಇದನ್ನು ಮರೆತು ಹಸು ಕಳೆದುಕೊಂಡ ನೆರೆಹೊರೆಯನ್ನು ನೋಡಿದ್ದೇನೆ. ಓಟ್ಸ್ ಮೇವಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಹೆಚ್ಚಿನ ಪೊಟ್ಯಾಸಿಯಂ ಮೆಗ್ನೀಸಿಯಂ ಮೈಗೆ ಹತ್ತದಂತೆ ತಡೆಯುತ್ತದೆ. ಕರು ಹಾಕುವ ದಿನಗಳ ಆಸುಪಾಸಿನಲ್ಲಿ ಹಸು ತೂರಾಡಿ ಬಿದ್ದು ಕಾಲು ಸೆಟೆದುಕೊಳ್ಳುವ ಚಳಿಗಾಲದ ಟೆಟನಿ ಬರುವುದು ಇದರಿಂದ. ಮೇವಿನ ಸುಣ್ಣದ ಪುಡಿ, ಮೆಗ್ನೀಸಿಯಂ ಆಕ್ಸೈಡ್ ಬೆರೆಸಿದ ಖನಿಜ ಮಿಶ್ರಣ ಓಟ್ಸ್ ತಿನ್ನುವ ಹಿಂಡಿನ ಮುಂದೆ ಸದಾ ಇರಬೇಕು.

ಬೀಜದ ಪ್ರಮಾಣಕ್ಕೆ ಬರುತ್ತೇನೆ. ಹೇಮೇಕರ್ ಕಾಳು ದಪ್ಪ. ಚೀಲದೊಳಗೆ ಕೈ ಹಾಕಿದರೆ ಬೆರಳಿಗೇ ಗೊತ್ತಾಗುತ್ತದೆ. ಅಜ್ಜನ ಕಾಲದಿಂದ ಬಂದ ‘ಎಕರೆಗೆ ಮೂರು ಬುಶೆಲ್’ ಲೆಕ್ಕವನ್ನೇ ಇದಕ್ಕೂ ಹಾಕಿದರೆ ಬೆಳೆ ತೆಳ್ಳಗಾಗುತ್ತದೆ, ಏಕೆಂದರೆ ದಪ್ಪ ಬೀಜವಾದರೆ ಅದೇ ತೂಕದಲ್ಲಿ ಕಾಳುಗಳ ಸಂಖ್ಯೆ ಕಡಿಮೆ. ಚದರ ಅಡಿಗೆ 25 ಗಿಡ ಬೇಕು, ನೂರರಲ್ಲಿ 85 ಬದುಕುತ್ತವೆ ಎಂದಿಟ್ಟುಕೊಳ್ಳಿ. ಸಾವಿರ ಕಾಳಿಗೆ 36 ಗ್ರಾಂ ತೂಗುವ ಬೀಜ ಎಕರೆಗೆ ಸುಮಾರು 46 ಕಿಲೋ ಸಾಕು. 44 ಗ್ರಾಂ ತೂಗುವ ಬೀಜ ಸುಮಾರು 56 ಕಿಲೋ ಬೇಕು. ಮಾರುವವರಿಂದ ಆ ವರ್ಷದ ಸಾವಿರ ಕಾಳಿನ ತೂಕವನ್ನೂ ಮೊಳಕೆಯ ಪ್ರಮಾಣವನ್ನೂ ಬರೆಸಿಕೊಂಡೇ ಬನ್ನಿ. ದಟ್ಟವಾಗಿ ಬಿತ್ತುವುದರಿಂದ ಇನ್ನೊಂದು ಲಾಭ ದಂಟು ಸಣ್ಣಗಾಗುವುದು. ಕಳೆಯನ್ನೂ ಅದು ತುಳಿಯುತ್ತದೆ. ಓಟ್ಸ್ ಬೆಳೆಯೊಳಗೆ ಕಾಡು ಓಟ್ಸನ್ನು ಮಾತ್ರ ಆರಿಸಿ ಕೊಲ್ಲುವ ಕಳೆನಾಶಕ ಇಲ್ಲ, ಎರಡೂ ಅಷ್ಟು ಹತ್ತಿರದ ನಂಟರು. ಆದರೆ ಮೇವಿಗೆ ಕತ್ತರಿಸುವಾಗ ಕಾಡು ಓಟ್ಸ್ ಬೀಜ ಉದುರುವ ಮೊದಲೇ ಬೆಳೆಯ ಜೊತೆ ಹೋಗಿಬಿಡುತ್ತದೆ. ಹಾಗೆ ಕತ್ತರಿಸುತ್ತ ಬಂದ ನಮ್ಮ ಉತ್ತರದ ಹೊಲ ಈಗ ಎಷ್ಟೋ ಸ್ವಚ್ಛವಾಗಿದೆ.

ಬೆಲೆ ಸಾಮಾನ್ಯ ಓಟ್ಸ್ ಬೀಜಕ್ಕಿಂತ ಹೆಚ್ಚು, ಇದರಲ್ಲಿ ಸಂದೇಹವಿಲ್ಲ. ಹೀಗಾಗಿಯೇ ‘ಇದೂ ಹೇಮೇಕರ್ರೇ’ ಎಂದು ಬಾಯಿಮಾತಿನಲ್ಲಿ ಹೇಳಿ, ಚೀಟಿಯಿಲ್ಲದ ಬೀಜವನ್ನು ಕಡಿಮೆ ಬೆಲೆಗೆ ಕೊಡಲು ಬರುವವರಿದ್ದಾರೆ. ನಮ್ಮ ಅಂಗಳಕ್ಕೂ ಒಬ್ಬರು ಬಂದಿದ್ದರು. ಮಾದರಿಯನ್ನು ಅಂಗೈಯಲ್ಲಿ ಹರಡಿ ನೋಡಿದರೆ ಸಣ್ಣ ಕಾಳು, ದಪ್ಪ ಕಾಳು ಮಿಶ್ರ, ನಡುವೆ ಕಾಡು ಓಟ್ಸ್‌ನ ಕಂದು ಬಣ್ಣದ ಬಾಗಿದ ಮೀಸೆ. ಹಿಂದಿರುಗಿಸಿ ಕಳುಹಿಸಿದೆವು. ಕೆನಡಾದಲ್ಲಿ ತಳಿಯ ಹೆಸರು ಹೇಳಿ ಓಟ್ಸ್ ಬೀಜ ಮಾರಬೇಕಾದರೆ ಅದು ಪ್ರಮಾಣಿತ ಬೀಜವಾಗಿರಬೇಕು; ಅದಕ್ಕೆ ನೀಲಿ ಚೀಟಿ ಇರುತ್ತದೆ. ನೀಲಿ ಚೀಟಿಗೆ ಕೊಡುವ ಹೆಚ್ಚಿನ ಹಣದಲ್ಲಿ ಕಳೆಬೀಜವಿಲ್ಲದ ಹೊಲವೂ ಸೇರಿದೆ ಎಂದು ಲೆಕ್ಕ ಹಾಕಿ ನೋಡಿ, ಆಗ ದುಬಾರಿ ಅನ್ನಿಸುವುದಿಲ್ಲ.

ಇದನ್ನು ಕೊಳ್ಳಬಾರದವರೂ ಇದ್ದಾರೆ. ಮೇವಿಗೂ ಆಯಿತು, ಮನಸ್ಸು ಬದಲಾದರೆ ಕಾಳಿಗೂ ಆಯಿತು ಎಂದು ಎರಡು ದೋಣಿಯಲ್ಲಿ ಕಾಲಿಡುವವರು ಬೇಗ ಬಲಿಯುವ ಕಾಳಿನ ತಳಿಯನ್ನೇ ಹಾಕುವುದು ಮೇಲು. ಮರಳು ಮಣ್ಣಿನ, ಮಳೆ ಕಡಿಮೆಯ ನೈರುತ್ಯ ಭಾಗದವರು ಇಷ್ಟು ಎಲೆಯನ್ನು ಸಾಕುವಷ್ಟು ನೀರು ತಮ್ಮ ನೆಲದಲ್ಲಿದೆಯೇ ಎಂದು ಮೊದಲು ಯೋಚಿಸಲಿ. ಓಟ್ಸ್‌ಗೆ ಬಾರ್ಲಿಗಿಂತ ಹೆಚ್ಚು ನೀರು ಬೇಕು. ಎಲೆ ತುಕ್ಕು ರೋಗ ಕಾಡುವ ಮ್ಯಾನಿಟೋಬಾದ ಕಡೆಯವರು ಪ್ರಾಂತ್ಯದ ತಳಿ ಕೈಪಿಡಿಯಲ್ಲಿ ರೋಗನಿರೋಧದ ಕಂಬಸಾಲನ್ನು ಓದಿ ನಿರ್ಧರಿಸಲಿ. ತಡವಾಗಿ ಬಿತ್ತಿದ ಓಟ್ಸ್‌ಗೆ ತುಕ್ಕು ಹೆಚ್ಚು ಬಡಿಯುತ್ತದೆ, ಮೇವಿಗಾಗಿ ನಾವೆಲ್ಲ ಬಿತ್ತುವುದು ತಡವಾಗಿಯೇ.

ಕಾಳನ್ನೇ ದನಕ್ಕೆ ತಿನ್ನಿಸುವ ಇರಾದೆ ಇದ್ದರೆ ಅದೇ ಸಸ್ಕಟೂನ್ ಕೇಂದ್ರದ ಸಿಡಿಸಿ ಎಸ್‌ಒ-ಐ ಎಂಬ ತಳಿಯ ಬಗ್ಗೆ ಓದಿ. ಓಟ್ಸ್ ಕಾಳಿನ ತೂಕದಲ್ಲಿ ಕಾಲುಭಾಗಕ್ಕೂ ಹೆಚ್ಚು ಹೊಟ್ಟು. ಆ ಹೊಟ್ಟಿನಲ್ಲಿರುವ ಲಿಗ್ನಿನ್ ಎಂಬ ಗಡಸು ಪದಾರ್ಥ ಹಸುವಿಗೂ ಜೀರ್ಣವಾಗದು. ರಾಸ್‌ನಾಗೆಲ್ ಅವರ ತಂಡ ಹೊಟ್ಟಿನಲ್ಲಿ ಲಿಗ್ನಿನ್ ಕಡಿಮೆ, ಒಳಗಿನ ಬೇಳೆಯಲ್ಲಿ ಎಣ್ಣೆ ಹೆಚ್ಚು ಇರುವಂತೆ ಅದನ್ನು ಬೆಳೆಸಿತು. ಮೆಲುಕು ಹಾಕುವ ಪ್ರಾಣಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಾಳಿನ ಒಳರಚನೆಯನ್ನು ತಿದ್ದಿದ ಆ ಕೆಲಸದ ಬಗ್ಗೆ ನನಗೆ ತುಂಬ ಗೌರವವಿದೆ.

ಕೊನೆಗೆ ಊರಿನವರ ಪ್ರಶ್ನೆ. ನಾನು ಹೇಮೇಕರ್ ಹೊಲದ ಫೋಟೋ ಕಳುಹಿಸಿದಾಗಲೆಲ್ಲ ಹಾಸನ, ತುಮಕೂರಿನ ಕಡೆಯ ಹಾಲು ಉತ್ಪಾದಕ ಗೆಳೆಯರು ಒಂದು ಚೀಲ ಬೀಜ ತಂದುಕೊಡಲು ಕೇಳುತ್ತಾರೆ. ಬೇಡ. ಬಿತ್ತನೆ ಬೀಜವನ್ನು ಸೂಟ್‌ಕೇಸಿನಲ್ಲಿ ದೇಶ ದಾಟಿಸುವುದು ಸಸ್ಯ ಸಂಪರ್ಕತಡೆ ನಿಯಮಕ್ಕೆ ವಿರುದ್ಧ, ಜೊತೆಗೆ ಹೊಸ ರೋಗವನ್ನು ಹೊತ್ತೊಯ್ಯುವ ದಾರಿ. ಈ ತಳಿ ರೂಪುಗೊಂಡದ್ದೂ ಜೂನ್‌ನಲ್ಲಿ ಹದಿನಾರು ಗಂಟೆಗೂ ಮೀರಿ ಬೆಳಕಿರುವ ಹಗಲಿಗೆ. ನಮ್ಮ ಹಿಂಗಾರಿನ ಗಿಡ್ಡ ಹಗಲಿನಲ್ಲಿ ಅದರ ನಡತೆ ಬೇರೆಯೇ ಆಗುತ್ತದೆ. ಓಟ್ಸ್ ಮೇವು ಬೇಕಾದವರು ಮಂಡ್ಯದ ವಿ.ಸಿ. ಫಾರ್ಮ್‌ನ ಮೇವು ಬೆಳೆ ವಿಭಾಗದಲ್ಲೋ, ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲೋ ಕೆಂಟ್, ಜೆಎಚ್‌ಒ-822 ತಳಿಗಳ ಬಗ್ಗೆ ವಿಚಾರಿಸಿ. ನೀರಾವರಿ ಇದ್ದರೆ ಅಕ್ಟೋಬರ್–ನವೆಂಬರ್‌ನಲ್ಲಿ ಬಿತ್ತಿ, 50–60 ದಿನಕ್ಕೆ ಮೊದಲ ಕೊಯ್ಲು ಮಾಡಿ, ನಾಲ್ಕು ಬೆರಳು ಕೂಳೆ ಬಿಟ್ಟು ನೀರು ಹಾಯಿಸಿದರೆ ಮತ್ತೆ ಚಿಗುರುತ್ತದೆ. ಹೀಗೆ ಎರಡು ಕೊಯ್ಲು ಕೊಡುವ ಗುಣ ನಮ್ಮ ಇಲ್ಲಿನ ಹೇಮೇಕರ್‌ಗೆ ಯಾರೂ ಕೇಳುವುದಿಲ್ಲ, ಎರಡನೆಯ ಚಿಗುರು ಬರುವಷ್ಟರಲ್ಲಿ ಹೊಲದ ಮೇಲೆ ಹಿಮ ಕೂತಿರುತ್ತದೆ.